ಹೆಂಡತಿಯ ಪಾಸ್‌ವರ್ಡ್ ಗೊತ್ತಿಲ್ಲವೆಂದು ದೃಢೀಕರಿಸುವ ಬಗ್ಗೆ

ಇಂದ,
ಗಣಕ ವಿಭಾಗದ ಮುಖ್ಯಸ್ಥ, ಉಪಮುಖ್ಯಸ್ಥ, ಸಿಬ್ಬಂದಿ ಮತ್ತು ವೈರು ಎಳೆಯುವವ (ನಾಲ್ವರೂ ಒಬ್ಬನೇ),
ಕೇಂದ್ರ ಗ್ರಂಥಾಲಯ, ನೆಲಮಾಳಿಗೆ,
ಹಳೇ ಪತ್ರಿಕೆಗಳ ಕೋಣೆಯ ಹಿಂಭಾಗ.

ಗೆ,
ಮಾನ್ಯ ಮುಖ್ಯ ಗ್ರಂಥಪಾಲಕರು,
ಅದೇ ಗ್ರಂಥಾಲಯ, ಎರಡನೇ ಮಹಡಿ,
ಫ್ಯಾನ್ ತಿರುಗುವ ಕೋಣೆ.

ವಿಷಯ: ಅರ್ಜಿದಾರನಿಗೆ ತನ್ನ ಹೆಂಡತಿಯ ಪಾಸ್‌ವರ್ಡ್ ಗೊತ್ತಿಲ್ಲವೆಂದು ಕಚೇರಿಯ ಮೊಹರಿನೊಂದಿಗೆ ದೃಢೀಕರಣ ಪತ್ರ ನೀಡುವ ಬಗ್ಗೆ.

ಉಲ್ಲೇಖ:
(೧) ಸದಸ್ಯರ ಪಾಸ್‌ವರ್ಡ್‌ಗಳನ್ನು ಸುರಕ್ಷಿತವಾಗಿ ಇಡುವ ಕುರಿತು ಮೇಲಿನ ಕಚೇರಿಯ ಸುತ್ತೋಲೆ.
(೨) ಸದರಿ ಸುತ್ತೋಲೆಯನ್ನು ಓದದೆಯೇ ತಾವು ನೀಡಿದ ಮೌಖಿಕ ಆದೇಶ.
(೩) ಅರ್ಜಿದಾರನ ಹೆಂಡತಿಯು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಹೊಸಿಲ ಮೇಲೆ ನಿಂತು ನೀಡಿದ ಅಂತಿಮ ತಿಳಿವಳಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಈ ಗ್ರಂಥಾಲಯದ ನಲವತ್ತೊಂದು ಸಾವಿರದ ಇನ್ನೂರ ಅರವತ್ತಮೂರು ಸದಸ್ಯರ ಪಾಸ್‌ವರ್ಡ್‌ಗಳನ್ನು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ, ಬೇಕೆಂದರೆ ನಡುವಿನಿಂದ ಎರಡೂ ಕಡೆಗೆ, ಉಸಿರು ಬಿಡದೆ ಒಪ್ಪಿಸಬಲ್ಲ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದು, ಅವನೇ ಸದರಿ ಅರ್ಜಿದಾರನಾಗಿರುತ್ತಾನೆ. ಒಮ್ಮೆ ಹೀಗೆ ಒಪ್ಪಿಸುತ್ತಿದ್ದಾಗ ಕಂಪ್ಯೂಟರೇ ಬಿಸಿಯಾಗಿ ನಿಂತುಹೋಗಿ, ಅವನು ನೀರು ಕುಡಿದು ಬಂದ ಮೇಲೆ ಮತ್ತೆ ಶುರುವಾಗಿತ್ತು. ಹೀಗಿದ್ದರೂ ಅವನಿಗೆ ತನ್ನ ಹೆಂಡತಿಯ ಪಾಸ್‌ವರ್ಡ್ ಗೊತ್ತಿಲ್ಲ. ಈ ಎರಡು ಮಾತುಗಳು ಏಕಕಾಲಕ್ಕೆ ಹೇಗೆ ನಿಜ ಎಂಬುದನ್ನು ಈ ಕೆಳಗೆ ಅಂಶವಾರು ನಿವೇದಿಸಿಕೊಂಡಿದೆ.

೧. ಅರ್ಜಿದಾರನು ಒಂಬತ್ತು ವರ್ಷದಿಂದ ಇಲ್ಲಿ ಸೇವೆ ಸಲ್ಲಿಸುತ್ತಿದ್ದು, ಸದಸ್ಯರು ಮನೆಯಲ್ಲೇ ಕೂತು ಪುಸ್ತಕ ಕಾದಿರಿಸುವ ವ್ಯವಸ್ಥೆಯನ್ನು ಒಂದೇ ಭಾನುವಾರ, ಒಂದೇ ಕೈಯಲ್ಲಿ ಕಟ್ಟಿ ನಿಲ್ಲಿಸಿರುತ್ತಾನೆ. ಇನ್ನೊಂದು ಕೈಯಲ್ಲಿ ಅದೇ ಹೊತ್ತಿಗೆ ಮನೆಯ ನಲ್ಲಿ ರಿಪೇರಿ ನಡೆದಿತ್ತು. ಆ ಕಾಲದಲ್ಲಿ ಪ್ರತಿ ಸದಸ್ಯನ ಹೆಸರು, ವಿಳಾಸ, ಫೋನ್ ನಂಬರು, ಅದರ ಪಕ್ಕದ ಕಾಲಂನಲ್ಲಿ ಪಾಸ್‌ವರ್ಡು ಇರುತ್ತಿತ್ತು. ಅವರು ಒತ್ತಿದ್ದು ಹೇಗೋ ಹಾಗೆಯೇ, ಮುಚ್ಚುಮರೆಯಿಲ್ಲದೆ, ತಂತಿಯ ಮೇಲೆ ಒಣಹಾಕಿದ ಒಳಬಟ್ಟೆಗಳಂತೆ ಅವೆಲ್ಲ ಸಾಲಾಗಿ ತೂಗುತ್ತಿದ್ದವು.

೨. ಇದರಿಂದ ಸಾರ್ವಜನಿಕರಿಗೆ ಆದ ಅನುಕೂಲ ಅಷ್ಟಿಷ್ಟಲ್ಲ. ಪಾಸ್‌ವರ್ಡ್ ಮರೆತವರು ಫೋನ್ ಮಾಡಿದರೆ ಅರ್ಜಿದಾರನು ಹನ್ನೊಂದು ಸೆಕೆಂಡಿನಲ್ಲಿ ಅದನ್ನು ಹುಡುಕಿ, ಕೌಂಟರಿನ ಮುಂದೆ ನಿಂತ ಸಾಲಿಗೂ ಕೇಳುವಷ್ಟು ಸ್ಪಷ್ಟವಾಗಿ ಓದಿ ಹೇಳುತ್ತಿದ್ದನು. ಉದಾಹರಣೆಗೆ:

"ಹಲೋ, ಲೈಬ್ರರಿನಾ? ನನ್ನ ಪಾಸ್‌ವರ್ಡ್ ಮರೆತುಹೋಯ್ತಪ್ಪ."

"ಪರವಾಗಿಲ್ಲ ಅಜ್ಜಿ, ನಂಬರ್ ಹೇಳಿ. ಹಾಂ, ಸಿಕ್ತು. ಬರ್ಕೊಳ್ಳಿ. 'ಸೊಸೆಮೂದೇವಿ', ಎಲ್ಲಾ ಸೇರಿಸಿ. ಕೊನೆಗೆ ಎರಡು ಸೊನ್ನೆ."

"ಮೆಲ್ಲಗೆ ಹೇಳಪ್ಪ, ಪಕ್ಕದಲ್ಲೇ ಇದಾಳೆ."

ಇಂತಹ ಸೇವೆಗಾಗಿ ಅರ್ಜಿದಾರನಿಗೆ ಸದಸ್ಯರಿಂದ ಬಂದ ಹಾರೈಕೆಗಳನ್ನು ತೂಕಕ್ಕೆ ಹಾಕಿದರೆ ತಮ್ಮ ಕೋಣೆಯ ಮೂರೂ ಕಬ್ಬಿಣದ ಬೀರುಗಳು ಮೇಲೇಳುತ್ತವೆ.

೩. ಹೀಗಿರಲು ಉಲ್ಲೇಖ (೧)ರ ಸುತ್ತೋಲೆ ಬಂದಿತು. ಪಾಸ್‌ವರ್ಡನ್ನು ಇದ್ದ ಹಾಗೆ ಇಡತಕ್ಕದ್ದಲ್ಲ, ಯಾರೂ, ಅಂದರೆ ಇಟ್ಟವನೂ ಸಹ, ಓದಲಾಗದಂತೆ ಅರೆದು ಇಡತಕ್ಕದ್ದು ಎಂಬುದು ಅದರ ಸಾರಾಂಶ. ಅದಕ್ಕೆ ಸಂಬಂಧಿಸಿದಂತೆ ಉಲ್ಲೇಖ (೨)ರಲ್ಲಿ ತಾವು ಮೆಟ್ಟಿಲಿಳಿಯುತ್ತ ನೀಡಿದ ಆದೇಶ ಹೀಗಿರುತ್ತದೆ: "ಅದ್ಯಾವುದೋ ಸುತ್ತೋಲೆ ಬಂದಿದೆಯಂತಲ್ಲಯ್ಯಾ. ಅದರಲ್ಲಿ ಏನು ಹೇಳಿದಾರೋ ಅದನ್ನ ಮಾಡಿಬಿಡು. ಆಗಲಿಲ್ಲ ಅಂದ್ರೆ ಮಾಡಿದೀವಿ ಅಂತ ಬರೆದುಬಿಡು."

೪. ಅರ್ಜಿದಾರನು ಮಾಡಿಯೇ ಬಿಟ್ಟನು. ನಲವತ್ತೊಂದು ಸಾವಿರ ಚಿಲ್ಲರೆ ಪಾಸ್‌ವರ್ಡ್‌ಗಳನ್ನೂ ಒಂದು ಲೋಟ ಚಹಾ ಆರುವುದರೊಳಗೆ ಅರೆದು ಹಾಕಿದನು. ಈ ಅರೆಯುವಿಕೆ ಎಂಥದ್ದೆಂದರೆ, ಕಾಳು ಹಾಕಿದರೆ ಹಿಟ್ಟು ಬರುತ್ತದೆ, ಹಿಟ್ಟು ಹಾಕಿದರೆ ಕಾಳು ಬರುವುದಿಲ್ಲ. ಸದಸ್ಯನು ಬಂದು ಪಾಸ್‌ವರ್ಡ್ ಒತ್ತಿದಾಗ ಅದನ್ನೂ ಅದೇ ರೀತಿ ಅರೆದು, ಈ ಹಿಟ್ಟು ಆ ಹಿಟ್ಟು ಒಂದೇ ಆದರೆ ಬಾಗಿಲು ತೆಗೆಯುವುದು. ಇದಲ್ಲದೆ ಇಬ್ಬರು ಒಂದೇ ಪದ ಇಟ್ಟುಕೊಂಡಿದ್ದರೆ ಹೊರಗಿನವನಿಗೆ ಅದು ತಿಳಿಯಬಾರದೆಂದು, ಒಬ್ಬೊಬ್ಬರ ಕಾಳಿಗೂ ಬೇರೆ ಬೇರೆ ಅಡ್ಡಾದಿಡ್ಡಿ ಅಕ್ಷರಗಳನ್ನು ಬೆರೆಸಿ ಅರೆಯುವುದು. ಮರೆತವರಿಗೆ ಹಳೆಯದನ್ನು ಹೇಳುವ ಹಾಗಿಲ್ಲ. ಹೊಸದು ಇಟ್ಟುಕೊಳ್ಳಿ ಎನ್ನಬಹುದು, ಅಷ್ಟೇ. ಚಹಾದ ವಿಷಯ ಒಂದನ್ನು ಬಿಟ್ಟು ಈ ಅಂಶದಲ್ಲಿ ಅರ್ಜಿದಾರನು ಹೇಳಿರುವುದೆಲ್ಲ ನಿಜ. ಕೆಲಸವೂ ಸರಿಯಾಗಿಯೇ ಆಗಿತ್ತು. ಹಳೆಯ ಕಾಲಂ ಅಳಿಸುವ ಮೊದಲು ತಮ್ಮ ಒಪ್ಪಿಗೆ ಪಡೆಯೋಣವೆಂದು ಎರಡನೇ ಮಹಡಿಗೆ ಹತ್ತಿ ಬಂದದ್ದೊಂದೇ ತಪ್ಪು.

೫. ಆ ದಿನ ತಮ್ಮ ಕೋಣೆಯಲ್ಲಿ ನಡೆದ ಚರ್ಚೆಯ ನಡಾವಳಿ:

"ಏನಯ್ಯಾ ಇದು, ಹಾವಿನ ಹಾಗೆ ಉದ್ದಕ್ಕೆ?"

"ಇದೇ ಸರ್ ಪಾಸ್‌ವರ್ಡು. ಅರೆದಿಟ್ಟಿರೋದು."

"ವಾಪಸ್ ಮಾಡಿ ತೋರಿಸು."

"ಆಗಲ್ಲ ಸರ್. ಆಗಬಾರದು ಅಂತಲೇ ಮಾಡಿರೋದು."

"ಹಾಗಾದ್ರೆ ನೀನು ಸರಿಯಾಗಿ ಅರೆದಿದೀಯ ಅಂತ ನಾನು ಸಹಿ ಹಾಕೋದು ಹೇಗೆ? ಇವರಿಬ್ಬರೂ ಒಂದೇ ಪಾಸ್‌ವರ್ಡ್ ಇಟ್ಟಿದಾರೆ, ಒಬ್ಬನಿಗೊಂದು ಥರ ಬಂದಿದೆ, ಇನ್ನೊಬ್ಬನಿಗೆ ಇನ್ನೊಂದು ಥರ. ತಾರತಮ್ಯ ಅಂತ ದೂರು ಬಂದ್ರೆ ನೀನು ಉತ್ತರ ಕೊಡ್ತೀಯಾ? ಆಡಿಟ್‌ನವರು ಬಂದು ಹಳೇದು ಎಲ್ಲಿ ಅಂದ್ರೆ?"

"ಹಳೇದನ್ನ ಯಾರೂ ನೋಡಬಾರದು ಸರ್."

"ಆಡಿಟ್‌ನವರು ಯಾರೂ ಅಲ್ಲ. ಎಡಗಡೆ ಹಳೇದು, ಬಲಗಡೆ ಹೊಸದು, ಕೊನೆಗೆ ಹೆಸರು. ಸಾಲು ಸಾಲಿಗೂ ಟಿಕ್ ಹಾಕಿಸು. ಮೂರು ಪ್ರತಿ. ಆಮೇಲೆ ಬೇಕಾದ್ರೆ ಕಂಪ್ಯೂಟರಲ್ಲಿ ಅಳಿಸ್ಕೋ."

ಕಾರಣ, ಅರ್ಜಿದಾರನು ತಮ್ಮ ಮಾತಿಗೆ ಎದುರಾಡದೆ ಮುದ್ರಿಸಿ, ಆಮೇಲೆ ಕಂಪ್ಯೂಟರಿನ ಹಳೆಯ ಕಾಲಂ ಅಳಿಸಿದನು. ಎದುರಾಡಿದನೆಂದು ಅವನು ತನ್ನ ಷಡ್ಡಕನ ಬಳಿ ಹೇಳಿಕೊಂಡಿದ್ದಾನೆ. ಅದನ್ನು ಪರಿಗಣಿಸಬಾರದಾಗಿ ಕೋರಿಕೆ.

೬. ಪುಟಕ್ಕೆ ಇಪ್ಪತ್ತೈದು ಸಾಲಿನಂತೆ ಒಂದು ಸಾವಿರದ ಆರುನೂರ ಐವತ್ತೊಂದು ಪುಟಗಳಾದವು. ಆದರೆ ಗ್ರಂಥಾಲಯದಲ್ಲಿ ಕಾಗದಗಳು ಇದ್ದ ಹಾಗೆ ಇರುತ್ತವೆಯೇ? ವರ್ಗೀಕರಣ ವಿಭಾಗದವರು "ಹೀಗೆ ಅಡ್ಡಾದಿಡ್ಡಿ ಇದ್ರೆ ಯಾರಿಗೆ ಉಪಯೋಗ?" ಎಂದು ಹಳೆಯ ಪಾಸ್‌ವರ್ಡ್‌ಗಳನ್ನು ಅಕಾರಾದಿಯಾಗಿ ಜೋಡಿಸಿಕೊಟ್ಟರು. ಅಷ್ಟಕ್ಕೇ ತೃಪ್ತರಾಗದೆ ಕೊನೆಯಲ್ಲಿ ಸದಸ್ಯರ ಹೆಸರಿನ ಸೂಚಿಯನ್ನೂ ಸೇರಿಸಿದರು. ಹೆಸರು ಗೊತ್ತಿದ್ದರೆ ಪಾಸ್‌ವರ್ಡ್ ಸಿಗುತ್ತದೆ, ಪಾಸ್‌ವರ್ಡ್ ಗೊತ್ತಿದ್ದರೆ ಹೆಸರು ಸಿಗುತ್ತದೆ. ಕಳ್ಳನಿಗೆ ಇದಕ್ಕಿಂತ ಸೊಗಸಾದ ಪುಸ್ತಕವನ್ನು ಜಗತ್ತಿನ ಯಾವ ಗ್ರಂಥಾಲಯವೂ ಹೊರತಂದಿಲ್ಲ ಎಂದು ಅರ್ಜಿದಾರನು ಎದೆ ತಟ್ಟಿ ಹೇಳಬಲ್ಲನು. ಮೂರೂ ಪ್ರತಿಗಳಿಗೆ ಕಂದು ರೆಕ್ಸಿನ್ ರಟ್ಟು ಹಾಕಿ, ಬೆನ್ನಿನ ಮೇಲೆ ಬಂಗಾರದ ಅಕ್ಷರದಲ್ಲಿ 'ಸದಸ್ಯರ ಗುಪ್ತಪದ ಪರಿವರ್ತನೆ: ಸಂಪೂರ್ಣ' ಎಂದು ಒತ್ತಿಸಲಾಯಿತು.

೭. ಒಂದು ಪ್ರತಿ ತಮ್ಮ ಬೀರುವಿಗೆ ಹೋಯಿತು. ಒಂದು ಮೇಲಿನ ಕಚೇರಿಗೆ ಹೋಯಿತು. ತಲುಪಿದ್ದಕ್ಕೆ ಇಂದಿಗೂ ಉತ್ತರವಿಲ್ಲ. ಮೂರನೆಯದು ಬೈಂಡಿಂಗ್‌ನಿಂದ ಬರುವಾಗ ವಾಡಿಕೆಯಂತೆ ಪುಸ್ತಕ ದಾಖಲು ಮಾಡುವ ನಮ್ಮ ನಂಬರ್ ಮಾಸ್ತರರ ಮೇಜಿನ ಮೇಲೆ ಇಳಿಯಿತು. ಮಾಸ್ತರರು ಮೂವತ್ತೊಂದು ವರ್ಷದ ಸೇವೆಯಲ್ಲಿ ಒಂದು ಪುಸ್ತಕವನ್ನೂ ತೆರೆದು ಓದಿದವರಲ್ಲ, ಒಂದು ಪುಸ್ತಕವನ್ನೂ ನಂಬರಿಲ್ಲದೆ ಬಿಟ್ಟವರಲ್ಲ. ಅರ್ಜಿದಾರನು ಆಮೇಲೆ ಕೇಳಿದಾಗ ಅವರು ಕೊಟ್ಟ ವಿವರಣೆ: "ರಟ್ಟು ಇದೆ, ಬೆನ್ನಿದೆ, ಹೆಸರಿದೆ. ಪುಸ್ತಕ ಅಲ್ಲದೆ ಇನ್ನೇನು? ಎಡಗಡೆ ಒಂದು ಪದ, ಬಲಗಡೆ ಉದ್ದಕ್ಕೆ ಏನೋ. ನಿಘಂಟು ಅಂತ ಹಾಕಿದೆ." ಹೀಗೆ ಮೊದಲ ಪುಟ, ಕೊನೆಯ ಪುಟಗಳ ಮೇಲೆ ಮೊಹರು ಬಿದ್ದು, ಪುಸ್ತಕ ಕದ್ದವರನ್ನು ಹಿಡಿಯಲೆಂದು ನಾವು ಯಾರಿಗೂ ಹೇಳದೆ ಮೊಹರು ಒತ್ತುವ ಒಳಪುಟದ ಮೇಲೂ ಬಿದ್ದು, ಸದರಿ ಪುಸ್ತಕವು ಮೊದಲನೇ ಮಹಡಿಯ ರೆಫರೆನ್ಸ್ ವಿಭಾಗದಲ್ಲಿ, ಕಿಟಕಿಯ ಪಕ್ಕ, ನಿಘಂಟುಗಳ ಸಾಲಿನಲ್ಲಿ, ಯಾರು ಬೇಕಾದರೂ ಕೈಚಾಚಿ ತೆಗೆದುಕೊಳ್ಳುವ ಎತ್ತರದಲ್ಲಿ ಕೂತಿತು. ಅದರಲ್ಲಿ ಗುಟ್ಟಾಗಿ ಉಳಿದದ್ದೆಂದರೆ ಆ ಒಳಮೊಹರು ಒಂದೇ.

೮. ಎರಡು ತಿಂಗಳು ಯಾರಿಗೂ ಏನೂ ತಿಳಿಯಲಿಲ್ಲ. ದಿನಾ ಹತ್ತು ಗಂಟೆಗೆ ಬಂದು ಐದಕ್ಕೆ ಏಳುವ ನಿವೃತ್ತ ಹೆಡ್‌ಮಾಸ್ತರೊಬ್ಬರು ದೂರು ಪುಸ್ತಕದಲ್ಲಿ ಬರೆದ ಮೇಲೆಯೇ ವಿಷಯ ಹೊರಬಿದ್ದದ್ದು. ಅವರ ದೂರು: "ಹೊಸದಾಗಿ ತರಿಸಿರುವ ನಿಘಂಟು ತೀರಾ ಕಳಪೆ. ಅರ್ಥಗಳು ಯಾವ ಭಾಷೆಯಲ್ಲಿವೆಯೋ ತಿಳಿಯದು. ಪದಗಳಲ್ಲಿ ಕಾಗುಣಿತದ ತಪ್ಪುಗಳು ಹೇರಳ. 'ಅ'ದಿಂದ 'ಚ'ದವರೆಗೆ ನಾನೇ ಪೆನ್ಸಿಲಿನಲ್ಲಿ ತಿದ್ದಿದ್ದೇನೆ."

೯. ಈ ದೂರಿನ ಮೇಲೆ ತಾವು ಕೈಗೊಂಡ ಕ್ರಮಗಳನ್ನು ಅರ್ಜಿದಾರನು ಹೆಮ್ಮೆಯಿಂದ ನೆನೆಯುತ್ತಾನೆ. ಗ್ರಂಥಾಲಯದ ಪುಸ್ತಕದಲ್ಲಿ ಗೀಚಿದ್ದಕ್ಕಾಗಿ ಹೆಡ್‌ಮಾಸ್ತರಿಗೆ ನೋಟಿಸು ಹೋಯಿತು. ಪುಸ್ತಕವನ್ನು ಕಪಾಟಿನಿಂದ ತೆಗೆದುಬಿಡೋಣವೆಂದು ಅರ್ಜಿದಾರನು ಕೇಳಿದಾಗ ತಾವು, "ನಂಬರ್ ಬಿದ್ದಿದೆಯಲ್ಲಯ್ಯಾ, ಸುಮ್ಮನೆ ತೆಗೆಯೋಕೆ ಬರುತ್ತಾ?" ಎಂದಿರಿ. ನಂಬರು ಬಿದ್ದ ಪುಸ್ತಕವನ್ನು ರದ್ದು ಮಾಡಲು ರದ್ದತಿ ಸಮಿತಿ ಸೇರಬೇಕು. ಸಮಿತಿ ಎರಡು ವರ್ಷಕ್ಕೊಮ್ಮೆ ಸೇರುತ್ತದೆ. ಸೇರಿದರೂ ಹರಿದ ಪುಸ್ತಕ ಅಥವಾ ಹತ್ತು ವರ್ಷದಿಂದ ಯಾರೂ ಮುಟ್ಟದ ಪುಸ್ತಕವನ್ನು ಮಾತ್ರ ರದ್ದು ಮಾಡುತ್ತದೆ. ಇದೋ, ಹೊಚ್ಚ ಹೊಸದು. ಅದೂ ಅಲ್ಲದೆ ಆ ಸಾಲಿನಲ್ಲಿ ಅತಿ ಹೆಚ್ಚು ಬಳಕೆಯಾಗುತ್ತಿರುವ ಗ್ರಂಥ.

ಇನ್ನು ಸದಸ್ಯರಿಗೆ ವಿಷಯ ತಿಳಿಸಿ, ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎನ್ನುವ ಬಗ್ಗೆ ತಮ್ಮ ಅಭಿಪ್ರಾಯ: "ಹೇಳಿದ್ರೆ ಗಾಬರಿ ಆಗ್ತಾರೆ. ಹೇಳದೆ ಇದ್ರೆ ಯಾರು ಗಾಬರಿ ಆಗ್ತಾರೆ?" ಆ ವಾರವೇ ಆಸ್ಪತ್ರೆಯ ನರ್ಸ್ ಒಬ್ಬಾಕೆ ನೆಲಮಾಳಿಗೆಗೆ ಇಳಿದು ಬಂದಳು. "ಸರ್, ನನ್ನ ಮೇಲ್ ಯಾರೋ ಓದ್ತಿದಾರೆ. ಅದಕ್ಕೂ ಲೈಬ್ರರಿಗೂ ನಾನು ಒಂದೇ ಪಾಸ್‌ವರ್ಡ್ ಇಟ್ಟಿರೋದು. ಇಲ್ಲಿಂದ ಏನಾದ್ರೂ ಹೊರಗೆ ಹೋಗಿದೆಯಾ?" ಎಂದಳು. ತಮ್ಮ ಆದೇಶಕ್ಕೆ ಬದ್ಧನಾದ ಅರ್ಜಿದಾರನು, "ಇಲ್ಲಿಂದ ಏನೂ ಹೊರಗೆ ಹೋಗಿಲ್ಲಮ್ಮ" ಎಂದನು. ಅದು ಸುಳ್ಳಲ್ಲ. ರೆಫರೆನ್ಸ್ ಪುಸ್ತಕವನ್ನು ಹೊರಗೆ ಕೊಡುವುದಿಲ್ಲ.

೧೦. ಇನ್ನು ಅರ್ಜಿಯ ಮುಖ್ಯ ವಿಷಯಕ್ಕೆ ಬರುವುದಾದರೆ, ಅರ್ಜಿದಾರನಿಗೆ ಒಬ್ಬ ಷಡ್ಡಕನಿದ್ದಾನೆ; ಅಂದರೆ ಹೆಂಡತಿಯ ಅಕ್ಕನ ಗಂಡ. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಮೇಸ್ತ್ರಿ. ಅವನ ಹೊಸ ಮನೆ ನೋಡಲು ಕಳೆದ ತಿಂಗಳು ಅರ್ಜಿದಾರನು ಸಪತ್ನೀಕನಾಗಿ ಹೋಗಿದ್ದಾಗ, ಅವನು ಮಹಡಿ ತೋರಿಸಿದ, ಕಿಟಕಿ ತೋರಿಸಿದ, ಕಿಟಕಿಯ ಚಿಲಕ ತೋರಿಸಿದ. ಕೊನೆಗೆ ಸೋಫಾದ ಮೇಲೆ ಕಾಲು ಚಾಚಿ, "ನಮ್ಮ ಕೈಯಲ್ಲಿ ಏನಿಲ್ಲ ಅಂದ್ರೂ ಇಪ್ಪತ್ತು ಸಾವಿರ ಜನರ ಪ್ರಾಣ ಇರುತ್ತಪ್ಪ. ನಿಮ್ಮದು ಆರಾಮದ ಕೆಲಸ, ಪುಸ್ತಕ ಕೊಡೋದು, ಪುಸ್ತಕ ತಗೊಳೋದು" ಎಂದ. ಷಡ್ಡಕನ ಬಾಯಿಂದ ಇಪ್ಪತ್ತು ಸಾವಿರ ಬಂದ ಮೇಲೆ ಗಂಡಸಾದವನು ಸುಮ್ಮನಿರುವುದು ಹೇಗೆ? ಅರ್ಜಿದಾರನು ಹೇಳಿದನು: "ಪ್ರಾಣ ಏನು ದೊಡ್ಡದು ಭಾವ? ನಲವತ್ತೊಂದು ಸಾವಿರ ಜನರ ಗುಟ್ಟು ನನ್ನ ತಲೇಲಿದೆ. ಈ ಊರಲ್ಲಿ ಯಾರು ಯಾವ ಹೆಸರು ಒತ್ತಿ ಒಳಗೆ ಬರ್ತಾರೆ, ಎಲ್ಲಾ ಬಾಯಿಪಾಠ."

ಷಡ್ಡಕನು ಕಾಲು ಮಡಚಿಕೊಂಡ. ಆ ಕ್ಷಣದ ಸುಖವನ್ನು ಅರ್ಜಿದಾರನು ಇಲ್ಲಿ ವರ್ಣಿಸಲು ಹೋಗುವುದಿಲ್ಲ.

೧೧. ವಾಪಸ್ ಬರುವಾಗ ಬಸ್ಸಿನಲ್ಲಿ ಅರ್ಜಿದಾರನ ಹೆಂಡತಿ ಕೇಳಿದಳು.

"ರೀ, ನಂದೂ ಗೊತ್ತಾ?"

"ಏನು?"

"ಪಾಸ್‌ವರ್ಡು. ನಾನೂ ಲೈಬ್ರರಿ ಮೆಂಬರೇ ಅಲ್ವಾ?"

ಹಿಂದಿನ ಸೀಟಿನಲ್ಲಿ ಇಬ್ಬರು ಕೇಳಿಸಿಕೊಳ್ಳುತ್ತಿದ್ದರು. ಷಡ್ಡಕನೆದುರು ಗೆದ್ದು ಬಂದ ಬಿಸಿ ಇನ್ನೂ ಆರಿರಲಿಲ್ಲ. ಆದ್ದರಿಂದ ಅರ್ಜಿದಾರನು, "ಗೊತ್ತಿಲ್ದೆ ಏನು? ನಲವತ್ತೊಂದು ಸಾವಿರ ನುಂಗಿದವನಿಗೆ ಇದೊಂದು ಗಂಟಲಲ್ಲಿ ಸಿಕ್ಕಿಹಾಕ್ಕೊಳುತ್ತಾ?" ಎಂದನು. ಅವಳು ಮುಖ ತಿರುಗಿಸಿ ಏಳು ಸ್ಟಾಪು ಕಿಟಕಿಯಾಚೆ ನೋಡಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನಕ್ಕೆ ಅರವತ್ತು ಜನರನ್ನು ಕುರ್ಚಿಯಲ್ಲಿ ಕೂರಿಸಿ, ಕಾಣದಿದ್ದರೂ ಕಾಣುತ್ತದೆ ಎನ್ನುವವರನ್ನು ಹಿಡಿಯುವುದೇ ಅವಳ ಉದ್ಯೋಗ. ಅಂಥವಳು ಅಂದು ಯಾಕೋ ನಂಬಿಬಿಟ್ಟಳು.

೧೨. ಮನೆಗೆ ಬಂದ ಮೇಲೆ ನಡೆದದ್ದು:

"ಒಂದೇ ಮಾತಲ್ಲಿ ಹೇಳಿ. ನೋಡಿದೀರೋ, ಇಲ್ವೋ?"

"ಇಲ್ಲ ಕಣೇ. ಸುಮ್ನೆ ಮಾತಿಗೆ ಹೇಳಿದ್ದು."

"ಭಾವನ ಎದುರು ಗೊತ್ತು ಅಂದಿರಿ. ಬಸ್ಸಲ್ಲಿ ಗೊತ್ತು ಅಂದಿರಿ. ಬಾಗಿಲು ಹಾಕಿದ ತಕ್ಷಣ ಇಲ್ಲ ಅಂತೀರಿ. ಇದರಲ್ಲಿ ಯಾವುದನ್ನ ಇಟ್ಕೊಳ್ಳಲಿ ನಾನು?"

"ಇದನ್ನೇ ಇಟ್ಕೋ. ಇದು ನಿಜ."

"ನಿಮ್ಮ ನಿಜ ನಂಗೆ ಹದಿನಾರು ವರ್ಷದಿಂದ ಗೊತ್ತು."

ಇಷ್ಟಕ್ಕೇ ನಿಲ್ಲಿಸಿದ್ದರೆ ಅರ್ಜಿದಾರನಿಗೆ ಈ ಅರ್ಜಿ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಬಾಯಿ ತಡೆಯದೆ, "ಅಷ್ಟಕ್ಕೂ ಅಂಥದ್ದೇನು ಇಟ್ಟಿದೀಯ ಅದರಲ್ಲಿ?" ಎಂದು ಕೇಳಿದನು.

ಅವಳು ಒಳಗೆ ಹೋಗಿ, ಒಗೆದ ಬಟ್ಟೆಗಳಲ್ಲಿ ತನ್ನದನ್ನು ಮಾತ್ರ ಆರಿಸಿ ಮಡಚಿ, ಚೀಲ ತುಂಬಿಕೊಂಡು ಹೊರಗೆ ಬಂದಳು. ಉಲ್ಲೇಖ (೩)ರ ತಿಳಿವಳಿಕೆ ಇದು: "ಅಕ್ಕನ ಮನೇಲಿರ್ತೀನಿ. ನೀವು ನೋಡಿಲ್ಲ ಅಂತ ನಿಮ್ಮ ಸಾಹೇಬ್ರು ಸೀಲು ಹಾಕಿ ಬರ್ಕೊಟ್ರೆ ವಾಪಸ್ ಬರ್ತೀನಿ. ಬಾಯಿಮಾತು ತರಬೇಡಿ." ಇಂದಿಗೆ ಇಪ್ಪತ್ತಾರು ದಿನಗಳಾದವು. ಅವಳ ಅಕ್ಕನ ಮನೆಯೆಂದರೆ ಷಡ್ಡಕನ ಮನೆಯೂ ಹೌದೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಅವನು ಪ್ರತಿ ಭಾನುವಾರ ಫೋನ್ ಮಾಡಿ, "ಊಟ ಆಯ್ತೇನಪ್ಪಾ?" ಎಂದು ಕೇಳುತ್ತಾನೆ. ಬೇರೇನೂ ಕೇಳುವುದಿಲ್ಲ.

೧೩. ಆದ್ದರಿಂದ, ಈ ಕೆಳಕಂಡ ಕಾರಣಗಳಿಗಾಗಿ ಸದರಿ ದೃಢೀಕರಣ ಪತ್ರ ನೀಡಲು ತಮಗೆ ಯಾವ ತೊಡಕೂ ಇರುವುದಿಲ್ಲ:

(ಅ) ಕಂಪ್ಯೂಟರಿನಲ್ಲಿರುವುದು ಹಿಟ್ಟು. ಅದರಿಂದ ಹೆಂಡತಿಯ ಕಾಳನ್ನು ಅರ್ಜಿದಾರನಲ್ಲ, ಅವನ ಅಜ್ಜ ಎದ್ದು ಬಂದರೂ ತೆಗೆಯಲಾಗುವುದಿಲ್ಲ.

(ಆ) ಅರೆಯುವ ಮೊದಲಿನ ವರ್ಷಗಳಲ್ಲಿ ಫೋನ್ ಮಾಡಿ ಕೇಳಿದವರದನ್ನು ಬಿಟ್ಟು ಬೇರೆಯವರದನ್ನು ಅರ್ಜಿದಾರನು ನೋಡಿಲ್ಲ. ಹೆಂಡತಿ ಫೋನ್ ಮಾಡಿ ಕೇಳಿಲ್ಲ.

(ಇ) ಮುದ್ರಿಸುವಾಗ ಅವನು ಒಂದು ಸಾವಿರದ ಆರುನೂರ ಐವತ್ತೊಂದು ಪುಟಗಳುದ್ದಕ್ಕೂ, ಗುಣಿಸು ಮೂರು, ಕಣ್ಣು ಮುಚ್ಚಿಕೊಂಡಿದ್ದನು.

(ಈ) ಮೊದಲನೇ ಮಹಡಿಯ ರೆಫರೆನ್ಸ್ ವಿಭಾಗಕ್ಕೆ ಅವನು ಕಾಲಿಟ್ಟು ವರ್ಷವೇ ಆಯಿತು. ಮಂಡಿ ನೋವು.

ಪುಸ್ತಕ ಇರುವ ವಿಭಾಗದ ಷರಾ ಇಲ್ಲದೆ ತಾವು ಯಾವ ಪತ್ರಕ್ಕೂ ಸಹಿ ಹಾಕುವುದಿಲ್ಲವೆಂಬುದು ತಿಳಿದಿರುವುದರಿಂದ, ರೆಫರೆನ್ಸ್ ಮೇಡಂ ಅವರ ಷರಾವನ್ನು ಇದರ ಕೆಳಗೆ ಪಡೆಯಲಾಗಿದೆ.

೧೪. ಪಡೆಯಲಾಗಿಲ್ಲ. ಕಾರಣವೇನೆಂದರೆ, ರೆಫರೆನ್ಸ್ ಮೇಡಂ ಇಲ್ಲಿಯವರೆಗಿನ ಹಾಳೆಗಳನ್ನು ಕನ್ನಡಕ ಏರಿಸಿ, ಕನ್ನಡಕ ಇಳಿಸಿ, ಎರಡು ಸಲ ಓದಿದರು.

"ಮಂಡಿ ನೋವು ಅಂತ ಬರ್ದಿದೀರ."

"ಹೌದು ಮೇಡಂ."

"ಎಷ್ಟು ದಿನದಿಂದ?"

ಅರ್ಜಿದಾರನು ಉತ್ತರಿಸುವ ಮೊದಲೇ ಅವರು ಡ್ರಾಯರ್ ಎಳೆದು, ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟನ್ನು ಮೇಜಿನ ಮೇಲೆ ಇಟ್ಟರು. ಅವರ ವಿಭಾಗದಲ್ಲಿ ಯಾರೇ ಪುಸ್ತಕ ತೆಗೆದರೂ ಒಂದು ಚೀಟಿ ತುಂಬಿಕೊಡಬೇಕೆಂಬ ನಿಯಮವಿದೆ. ಹೆಸರು, ಪುಸ್ತಕದ ನಂಬರು, ಪುಟ, ಸಮಯ. ಹಾಳೆ ಹರಿಯುವವರನ್ನು ಪತ್ತೆ ಹಚ್ಚಲು ಪುಟದ ಕಾಲಂ.

"ಈ ನಿಘಂಟಿಗೆ ಬಂದ ಚೀಟಿ ಇವು. ಹೆಡ್‌ಮಾಸ್ತರದು ಹದಿನಾಲ್ಕು. ಯಾರೋ ಕಾಲೇಜು ಹುಡುಗರದು ಮೂರು. ಉಳಿದ ಇಪ್ಪತ್ತೆರಡು ಯಾರದು, ನೀವೇ ಓದಿ."

ಅರ್ಜಿದಾರನಿಗೆ ಓದುವ ಅಗತ್ಯ ಬೀಳಲಿಲ್ಲ. ತನ್ನ ಕೈಬರಹ ಯಾರಿಗೆ ಗೊತ್ತಾಗುವುದಿಲ್ಲ?

"ಇಪ್ಪತ್ತೆರಡರಲ್ಲೂ ಪುಟ ಒಂಬೈನೂರ ಹದಿನಾಲ್ಕು," ಎಂದರು ಮೇಡಂ. "ಒಂದಾದ್ರೂ ತಪ್ಪು ಪುಟ ಬರೀಬಾರದಿತ್ತಾ? ಖಾಲಿನಾದ್ರೂ ಬಿಡಬೇಕಿತ್ತು."

"ಕಾಲಂ ಇತ್ತಲ್ಲ ಮೇಡಂ. ಖಾಲಿ ಬಿಟ್ರೆ ನೀವು ತಗೊಳಲ್ಲ."

"ಅದೂ ನಿಜ," ಎಂದರು. ಆಮೇಲೆ ಹಾಳೆಗಳನ್ನು ಅರ್ಜಿದಾರನ ಕಡೆಗೆ ತಳ್ಳಿ, ಮೆಲ್ಲಗೆ, "ನನ್ನ ಪಾಸ್‌ವರ್ಡೂ ಅದರಲ್ಲಿದೆ ಕಣಪ್ಪಾ. ಯಾರಾದ್ರೂ ನನ್ನ ಪುಟ ತೆಗೀತಾರಾ ಅಂತ ನಾನು ದಿನಾ ಚೀಟಿ ನೋಡ್ತಾ ಕೂತಿದೀನಿ" ಎಂದರು.

೧೫. ಈ ಅರ್ಜಿಯ ಮೊದಲ ಹಾಳೆಗೆ ಬೆಳಗ್ಗೆಯೇ ಆವಕ ಸಂಖ್ಯೆ ಬಿದ್ದಿರುವುದರಿಂದ ಹರಿದುಹಾಕಲು ಬರುವುದಿಲ್ಲ. ಆದ್ದರಿಂದ ಇಲ್ಲಿಂದ ಮುಂದೆ ಅರ್ಜಿದಾರ ಎನ್ನದೆ ನಾನು ಎಂದೇ ಬರೆಯುತ್ತೇನೆ. ಅರ್ಜಿದಾರನ ಹಿಂದೆ ನಿಂತು ಸಾಕಾಯಿತು.

ನನಗೆ ನಲವತ್ತೊಂದು ಸಾವಿರ ಪಾಸ್‌ವರ್ಡ್ ಗೊತ್ತಿಲ್ಲ. ನಲವತ್ತೊಂದೂ ಗೊತ್ತಿಲ್ಲ. ನನ್ನದೇ ನನಗೆ ನೆನಪಿರುವುದಿಲ್ಲ. ಕೀಲಿಮಣೆಯ ಅಡಿಗೆ ಚೀಟಿ ಅಂಟಿಸಿಕೊಂಡಿದ್ದೇನೆ. ಅಜ್ಜಿಗೆ ಓದಿ ಹೇಳಿದ್ದು ಆ ಸಂಜೆಗೇ ಮರೆತುಹೋಗಿ, ಆಮೇಲೆ ಹೇಳಿ ನಗಿಸಲಿಕ್ಕೆಂದು ಮತ್ತೆ ನೋಡಿಕೊಂಡೆ. ಷಡ್ಡಕನ ಸೋಫಾದ ಮೇಲೆ ಕೂತು ಆಡಿದ್ದರಲ್ಲಿ ಒಂದಕ್ಷರ ನಿಜವಿರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದ ದಿನ ಅವಳ ಪಾಸ್‌ವರ್ಡ್ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ರಾತ್ರಿಯೇ ತಾವು ಸೀಲು ಹಾಕಿ ಕೊಟ್ಟಿದ್ದರೆ ಅದು ನನ್ನ ಬಗ್ಗೆ ಈ ಕಚೇರಿ ಬರೆದ ಮೊದಲ ಸತ್ಯವಾಗುತ್ತಿತ್ತು.

ಅವಳು ಹೋದ ಮರುದಿನ ಬೆಳಗ್ಗೆ ಹತ್ತೂಕಾಲಕ್ಕೆ ನಾನು ಮೊದಲನೇ ಮಹಡಿಗೆ ಹತ್ತಿದೆ. ಅಂಥದ್ದೇನು ಇಟ್ಟಿದ್ದಾಳೆ ಎಂಬ ಪ್ರಶ್ನೆ ಅವಳ ಜೊತೆ ಹೋಗದೆ ಮನೆಯಲ್ಲೇ ಉಳಿದುಬಿಟ್ಟಿತ್ತು. ಸೂಚಿಯಲ್ಲಿ ಅವಳ ಹೆಸರು ಅರ್ಧ ನಿಮಿಷದಲ್ಲಿ ಸಿಕ್ಕಿತು. ಪುಟ ತೆಗೆದೆ. ಸಾಲು ಓದಿದೆ. ಏನೂ ಇರಲಿಲ್ಲ. ನನ್ನ ಹೆಸರಿರಲಿಲ್ಲ, ಬೇರೆ ಯಾರ ಹೆಸರೂ ಇರಲಿಲ್ಲ. ಯಾರು ಬೇಕಾದರೂ ಇಟ್ಟುಕೊಳ್ಳಬಹುದಾದ ಒಂದು ಸಾದಾ ಪದ. ಅದರ ಮೇಲೂ ಕೆಳಗೂ ಅದನ್ನೇ ಇಟ್ಟುಕೊಂಡ ಇನ್ನೂ ಆರು ಜನರಿದ್ದಾರೆ. ಅಷ್ಟಕ್ಕೆ ಪುಸ್ತಕ ಮುಚ್ಚಿ ಕೆಳಗಿಳಿಯಬೇಕಿತ್ತು. ನನಗೆ ನಂಬಿಕೆ ಬರಲಿಲ್ಲ. ಇಷ್ಟು ಸಾದಾ ಪದಕ್ಕೆ ಯಾರಾದರೂ ಮನೆ ಬಿಡುತ್ತಾರೆಯೇ ಎಂದು ಮರುದಿನ ಮತ್ತೆ ಹೋದೆ. ಹಿಂದುಮುಂದು ಮಾಡಿ ಓದಿದೆ. ಅಕ್ಷರಗಳನ್ನು ಬಿಡಿಸಿ ಜೋಡಿಸಿದೆ. ಆ ಆರು ಜನ ಯಾರೆಂದು ನೋಡಿದೆ. ಅವರಲ್ಲಿ ಒಬ್ಬರ ಅಂಗಡಿಗೂ ಹೋಗಿ ಬಂದೆ. ಅವರು ಕೊಡೆ ರಿಪೇರಿಯ ಮುದುಕರು. ಕೊಡೆ ಇಲ್ಲದೆ ಬಂದು ನಿಂತವನಿಗೆ ಅವರು, "ಏನು ಬೇಕಿತ್ತಪ್ಪಾ?" ಎಂದರು. ನನಗೂ ಗೊತ್ತಿರಲಿಲ್ಲ. ಗ್ರಂಥಾಲಯ ತೆರೆದಿದ್ದ ಇಪ್ಪತ್ತೆರಡು ದಿನವೂ ಹೋದೆ. ನಲವತ್ತೊಂದು ಸಾವಿರ ಜನರ ಗುಟ್ಟು ಕಾಯಲು ಸಂಬಳ ತೆಗೆದುಕೊಳ್ಳುವವನು ನಾನು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಗೆಂದು ತಾವು ಕೇಳಬಹುದು. ತಾವು ಕೇಳಬೇಡಿ. ಬೀರುವಿನಲ್ಲಿ ಒಂದು ಪ್ರತಿ ತಮ್ಮ ಬಳಿಯೂ ಇದೆ.

ಆ ಪದ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಗುಟ್ಟೇನೂ ಇಲ್ಲ. ಅದು ಅವಳದು.

ಆದ್ದರಿಂದ ವಿಷಯದಲ್ಲಿ ಕೋರಿದ ದೃಢೀಕರಣ ಪತ್ರವನ್ನು ನೀಡಬಾರದಾಗಿ ಈ ಮೂಲಕ ಪ್ರಾರ್ಥಿಸುತ್ತೇನೆ. ಅದರ ಬದಲಿಗೆ, ಸದರಿ ಅರ್ಜಿದಾರನು ಹೆಂಡತಿಯ ಪಾಸ್‌ವರ್ಡನ್ನು ಅವಳು ಮನೆ ಬಿಟ್ಟ ಮರುದಿನದಿಂದ ಇಪ್ಪತ್ತೆರಡು ಬಾರಿ ನೋಡಿರುವುದು ದಾಖಲೆಗಳಿಂದ ಸಾಬೀತಾಗಿರುವ ಕಾರಣ ಅರ್ಜಿಯನ್ನು ತಿರಸ್ಕರಿಸಿದೆ ಎಂದು, ಮೊಹರು ಒತ್ತಿದ ಹಿಂಬರಹವನ್ನು ಕೊಡಬೇಕು. ಅವಳು ಸೀಲಿರುವ ಕಾಗದ ಕೇಳಿದ್ದಾಳೆ. ನನ್ನ ಬಳಿ ಸೀಲು ಹಾಕಿಸಲು ಇರುವ ನಿಜ ಇದೊಂದೇ. ಅದನ್ನು ಓದಿ ಅವಳು ಬರುತ್ತಾಳೋ ಬರುವುದಿಲ್ಲವೋ ಎಂಬುದು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

ಹಾಗೆಯೇ, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾದರೂ ಸರಿ, ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂಬ ಸೂಚನೆಯನ್ನು ಎಲ್ಲ ಸದಸ್ಯರಿಗೂ ಇಂದು ಮಧ್ಯಾಹ್ನ ತಮ್ಮ ಅನುಮತಿಯಿಲ್ಲದೆ ನಾನೇ ಕಳುಹಿಸಿರುತ್ತೇನೆ. ನರ್ಸ್‌ಗೆ ಬೇರೆಯಾಗಿ ಫೋನ್ ಮಾಡಿ, ಅವತ್ತು ಹೇಳಿದ್ದು ಸುಳ್ಳೆಂದು ತಿಳಿಸಿದೆ. ಆಕೆ ಬೈದದ್ದನ್ನು ಪೂರ್ತಿ ಕೇಳಿಸಿಕೊಂಡೆ. ಇದಕ್ಕಾಗಿ ನನ್ನ ಮೇಲೆ ಕೈಗೊಳ್ಳುವ ಕ್ರಮಕ್ಕೆ ಬೇರೆ ಕಡತ ತೆರೆಯಬಹುದು.

ತಮ್ಮ ವಿಶ್ವಾಸವನ್ನಾಗಲಿ, ಮನೆಯವರ ವಿಶ್ವಾಸವನ್ನಾಗಲಿ ಸದ್ಯಕ್ಕೆ ಕೇಳಲಾರದ,
(ಸಹಿ)
ಗಣಕ ವಿಭಾಗ, ನೆಲಮಾಳಿಗೆ

ಲಗತ್ತುಗಳು:
೧. ರೆಫರೆನ್ಸ್ ವಿಭಾಗದ ಚೀಟಿಗಳು: ಇಪ್ಪತ್ತೆರಡು (ಮೂಲ ಪ್ರತಿ).
೨. ಸದಸ್ಯರಿಗೆ ಕಳುಹಿಸಿದ ಸೂಚನೆಯ ನಕಲು.
೩. ಮಂಡಿ ನೋವಿನ ವೈದ್ಯಕೀಯ ಪ್ರಮಾಣಪತ್ರ: ಇಲ್ಲ.

ವಿಶೇಷ ಸೂಚನೆ: ಹಿಂಬರಹವನ್ನು ದಯವಿಟ್ಟು ನನ್ನ ಕೈಗೆ ಕೊಡದೆ, ನೇರವಾಗಿ ನೋಂದಾಯಿತ ಅಂಚೆಯಲ್ಲಿ ಅವಳ ಅಕ್ಕನ ಮನೆಯ ವಿಳಾಸಕ್ಕೆ ಕಳುಹಿಸಬೇಕು. ಕೈಗೆ ಕೊಟ್ಟರೆ ದಾರಿಯಲ್ಲಿ ಇಪ್ಪತ್ತೆರಡನ್ನು ಎರಡು ಎಂದು ತಿದ್ದಿಬಿಡುವ ಸಾಧ್ಯತೆ ಇರುತ್ತದೆ.